ನನ್ನನ್ನು ಬೀಗವೆಂದು ಕರೆದ ವಿಮೆ ಅಕ್ಕ

ಅವರ ಎಡಗೈಯಲ್ಲಿ ಬಳೆ ಇರುತ್ತಿರಲಿಲ್ಲ. ಬಳೆಯ ಜಾಗದಲ್ಲಿ ರಬ್ಬರ್ ಬ್ಯಾಂಡುಗಳಿರುತ್ತಿದ್ದವು. ಕೆಂಪು, ಹಳದಿ, ಹಸಿರು, ಒಂದರ ಮೇಲೊಂದು. ಕಾಗದಗಳನ್ನು ಸುತ್ತಿ ಕಟ್ಟಬೇಕಾದಾಗ ಒಂದನ್ನು ಮಣಿಕಟ್ಟಿನಿಂದ ಸರಕ್ಕನೆ ಎಳೆದು ತೆಗೆಯುವರು. ಕಟ್ಟು ಬಿಚ್ಚಿದಾಗ ಅದು ಮತ್ತೆ ಕೈಗೇ ಏರುವುದು. ಅವುಗಳ ಅಡಿಯಲ್ಲಿ ಚರ್ಮ ಬೆಳ್ಳಗೆ ಗೆರೆ ಬಿದ್ದಿತ್ತು. ಎದುರು ಕೂತವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಒಂದು ಬ್ಯಾಂಡನ್ನು ಎರಡು ಬೆರಳಲ್ಲಿ ಎತ್ತಿ ಬಿಡುವರು. ಟಪ್. ಅಷ್ಟೇ. ಸುಳ್ಳು ಹೇಳಿದವರ ಮುಖ ಕೆಂಪಾಗುತ್ತಿತ್ತು, ಅಥವಾ ಎದ್ದು ಹೋಗುತ್ತಿದ್ದರು.

ಮಕ್ಕಳೇ, ನಿಮ್ಮಪ್ಪನ ಚಿಕ್ಕಂದಿನ ಒಂದು ಫೋಟೋವೂ ಮನೆಯಲ್ಲಿ ಯಾಕಿಲ್ಲ ಎಂದು ಹೋದ ಸಲ ಕೇಳಿದಿರಿ. ನೀವು ಇಂಗ್ಲಿಷಿನಲ್ಲಿ ಕೇಳಿದಿರಿ, ನಾನು ಕನ್ನಡದಲ್ಲಿ ಉತ್ತರ ಹುಡುಕುವಷ್ಟರಲ್ಲಿ ನೀವು ಆಟಕ್ಕೆ ಓಡಿದಿರಿ. ನನಗೆ ಮಾತು ಬೇಗ ಬರುವುದಿಲ್ಲ. ಬರೆದರೆ ಬಂದೀತು ಎಂದು ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು ನಾನು, ತಪ್ಪಿದ್ದರೆ ಅಪ್ಪನಿಂದ ತಿದ್ದಿಸಿಕೊಂಡು ಓದಿರಿ. ಆ ಫೋಟೋಗಳ ಕತೆ ಅಂದರೆ ಈ ಅಕ್ಕನ ಕತೆಯೇ.

ಅವರು ಮಸ್ಕತ್ತಿನ ಹತ್ತಿರ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯ ಎದುರು, ಒಂದು ಸಣ್ಣ ವಿಮಾ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದರು. ಬೇರೆ ಬೇರೆ ಕಂಪನಿಗಳ ವಿಮೆ ಮಾಡಿಸಿಕೊಡುವ ಕಚೇರಿ ಅದು. ಉಡುಪಿ ಕಡೆಯವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಮ್ಮ ಗದಗ ಸೀಮೆಯ ರೂಢಿಯಂತೆ ನಾನೂ ನಿಮ್ಮಜ್ಜನೂ ಅವರನ್ನು ‘ಅಕ್ಕಾರ’ ಎಂದೇ ಕರೆದೆವು. ಫೋನಿನಲ್ಲಿ ತುಳು, ಗಿರಾಕಿಗಳ ಜೊತೆ ಅರಬ್ಬಿ, ಹಿಂದಿ, ಮಲಯಾಳ. ಬೈಗುಳ ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಹುಡುಗ ಬಂದಿದ್ದ, ಸಂಬಳ ಜಾಸ್ತಿ ಹೇಳಿದ, ಟಪ್ ಅಂತ ಹೊಡೆದೆ, ಓಡಿಹೋದ” ಅನ್ನುವರು.

ನಾವು ಅವರ ಬಳಿಗೆ ಹೋದದ್ದು ಎಲ್ಲ ದಾರಿ ಮುಚ್ಚಿದ ಮೇಲೆ.

ನಿಮ್ಮಜ್ಜ ರಸ್ತೆ ಮಾಡುವ ಕಂಪನಿಯಲ್ಲಿ ನೆಲ ಅಳೆಯುವ ಕೆಲಸದಲ್ಲಿದ್ದರು. ಆ ಕಂಪನಿ ಒಮಾನಿನ ಕೆಲಸ ನಿಲ್ಲಿಸಿ ಎದ್ದುಹೋಯಿತು. ವೀಸಾ ಮುಗಿಯುವ ದಿನ ಹತ್ತಿರವಾಗುತ್ತಿತ್ತು. ನಿಮ್ಮಪ್ಪ ಆಗ ಹುಬ್ಬಳ್ಳಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದು ಕಾಲೇಜು ಕಲಿಯುತ್ತಿದ್ದ. ನಾವು ಬರಿಗೈಯಲ್ಲಿ ಊರಿಗೆ ಮರಳಿದರೆ ಅವನ ಓದು ಅಲ್ಲಿಗೇ ನಿಲ್ಲುವುದಿತ್ತು. ಅಷ್ಟರಲ್ಲಿ ಒಬ್ಬ ಗುತ್ತಿಗೆದಾರರು ಕೆಲಸ ಕೊಡಲು ಒಪ್ಪಿದರು. ಕುರಿಯಾತ್‌ನಿಂದ ಸೂರ್ ಕಡೆಗೆ ಸಮುದ್ರದ ಬದಿಯಲ್ಲಿ ರಸ್ತೆಯ ಕೆಲಸ. ವೀಸಾಕ್ಕೆ ಜವಾಬ್ದಾರಿ ಹೊರುವ ಕಫೀಲ್ ಕೂಡ ಅವರೇ ಆಗುವವರಿದ್ದರು. ಆದರೆ ಅಲ್ಲಿಯ ಕ್ಯಾಂಪಿನಲ್ಲಿ ಹೆಂಗಸರಿಗೆ ಜಾಗವಿಲ್ಲ. ನಿಮ್ಮಜ್ಜನಿಗೆ ಸಕ್ಕರೆ ಕಾಯಿಲೆ, ಹೊಟ್ಟೆಯ ಆಪರೇಷನ್ ಬೇರೆ ಆಗಿತ್ತು. ಹಿಂದೊಮ್ಮೆ ಕ್ಯಾಂಪಿನ ಊಟ ಉಂಡು ಸಾಯುವ ಹಾಗಾಗಿ ಆಸ್ಪತ್ರೆಗೆ ಸೇರಿದ್ದರು. ನಾನು ಜೊತೆಗಿಲ್ಲದೆ ಅವರು ಬದುಕುವುದು ಕಷ್ಟ. ನನಗೆಂದು ಮಸ್ಕತ್ತಿನಲ್ಲಿ ಬೇರೆ ಬಾಡಿಗೆ ಮನೆ ಇಟ್ಟುಕೊಳ್ಳುವಷ್ಟು ಹಣವಿರಲಿಲ್ಲ.

ಆಗ ಅವರು ಕಾರವಾನ್ ಕೊಂಡರು. ಗಾಡಿಯ ಹಿಂದೆ ಕೊಂಡಿ ಸಿಕ್ಕಿಸಿ ಎಳೆದೊಯ್ಯುವ ಗಾಲಿ ಮನೆ. ದೇಶಕ್ಕೆ ಮರಳುತ್ತಿದ್ದ ಬಿಳಿಯ ಎಂಜಿನಿಯರ್ ಒಬ್ಬರು ರಜೆಯಲ್ಲಿ ಸುತ್ತಾಡಲೆಂದು ಇಟ್ಟುಕೊಂಡಿದ್ದು. ಬಿಳಿ ಬಣ್ಣ, ನಡುವೆ ಕಂದು ಪಟ್ಟಿ, ಎರಡು ಮಂಚ, ಎರಡು ಉರಿಯ ಒಲೆ. ನಿಂತರೆ ನಿಮ್ಮಜ್ಜನ ತಲೆ ಸೂರಿಗೆ ತಾಗುತ್ತಿತ್ತು. ಕೂಡಿಟ್ಟ ಹಣವೆಲ್ಲ ಅದಕ್ಕೆ ಹೋಯಿತು, ಉಳಿದ ಬಂಗಾರ, ಸಾಮಾನು ಅದರೊಳಗೆ ಸೇರಿದವು. ಅಲ್ ಮವಾಲೇಹ್‌ನ ಬಾಡಿಗೆ ಮನೆ ಬಿಟ್ಟು, ಬರ್ಕಾದ ಒಂದು ಖರ್ಜೂರದ ತೋಟದ ಅಂಚಿನಲ್ಲಿ ನಿಂತಿದ್ದ ಆ ಡಬ್ಬಿಯೊಳಗೆ ಸಂಸಾರ ಹೂಡಿದೆವು.

ಹೊಸ ಕಫೀಲ್ ಅದನ್ನು ನೋಡಲು ಬಂದರು. ಸುತ್ತ ಒಂದು ಸುತ್ತು ಹಾಕಿದರು. ನಗುಮುಖದ ಮನುಷ್ಯ, ನನಗೆ ಖರ್ಜೂರವನ್ನೂ ತಂದಿದ್ದರು. “ಬಹುತ್ ಅಚ್ಛಾ,” ಅಂದರು. “ಲೇಕಿನ್ ಇನ್ಶೂರೆನ್ಸ್ ನಹೀ, ತೋ ಸೈಟ್ ಪೇ ನಹೀ. ಖಲಾಸ್.”

ವಿಮೆ ಮಾಡಿಸುವುದು ದೊಡ್ಡ ಮಾತಲ್ಲ ಎಂದು ನಿಮ್ಮಜ್ಜ ಅಂದುಕೊಂಡಿದ್ದರು. ಎಳೆಯಲು ಕಫೀಲ್ ಕೊಡಲಿದ್ದ ಗಾಡಿಗೆ ವಿಮೆ ಇದ್ದೇ ಇತ್ತಲ್ಲ. ಆದರೆ ಆ ವಿಮೆ ಕೊಂಡಿ ಸಿಕ್ಕಿಸಿಕೊಂಡು ರಸ್ತೆಯಲ್ಲಿ ಓಡುವವರೆಗೆ ಮಾತ್ರ. ಕೊಂಡಿ ಕಳಚಿ ನಿಲ್ಲಿಸಿದ ಗಳಿಗೆಯಿಂದ ಕಾರವಾನಿಗೆ ಯಾರೂ ದಿಕ್ಕಿಲ್ಲ. ಅದಕ್ಕೆ ಬೇರೆಯೇ ವಿಮೆ ಬೇಕು. ಮೂರ್ನಾಲ್ಕು ಕಚೇರಿ ಹತ್ತಿಳಿದರು. ಹಳೆಯದು ಎಂದು ಒಬ್ಬರು, ಇಂಥದ್ದಕ್ಕೆ ಮಾಡುವುದೇ ಇಲ್ಲ ಎಂದು ಇನ್ನೊಬ್ಬರು. ಸಂಜೆ ಬರುವಾಗ ಅವರ ಅಂಗಿಯ ಬೆನ್ನು ಬೆವರಿನ ಉಪ್ಪಿನಿಂದ ಬಿಳಿಯಾಗಿರುತ್ತಿತ್ತು. ಮಾತಾಡಿಸಿದರೆ ಸಿಡುಕುತ್ತಿದ್ದರು. ಮಾತಾಡಿಸದಿದ್ದರೆ, “ನಿನಗೇನೂ ಅನ್ನಸೂದ ಇಲ್ಲೇನು?” ಎಂದು ಸಿಡುಕುತ್ತಿದ್ದರು.

ಯಾರೋ ಈ ಅಕ್ಕನ ಹೆಸರು ಹೇಳಿದರು. ಹೇಳಿದವರೇ ಬುದ್ಧಿಯನ್ನೂ ಹೇಳಿದರು: ಅದರಲ್ಲಿ ವಾಸ ಇದ್ದೇವೆ ಅನ್ನಬೇಡಿ, ರಜೆಗೆ ತಿರುಗಾಡಲು ಅನ್ನಿ.

ಅಂದು ನಾನೂ ಹೋಗಿದ್ದೆ. ಸೆರಗು ಹೊದ್ದು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಅಕ್ಕ ಕೇಳಿದರು, “ಇದನ್ನು ಎಂತಕ್ಕೆ ಇಟ್ಟುಕೊಂಡದ್ದು?”

“ರಜಾದಾಗ ತಿರುಗಾಡಾಕ್ರಿ,” ಅಂದರು ನಿಮ್ಮಜ್ಜ.

ಟಪ್.

ಅಕ್ಕ ಅವರನ್ನು ಬಿಟ್ಟು ನನ್ನ ಕಡೆಗೆ ಕತ್ತು ಚಾಚಿದರು. “ನೀವು ಹೇಳಿ. ನಿನ್ನೆ ಎಲ್ಲಿ ಮಲಗಿದ್ರಿ?”

ಕಚೇರಿಗಳಲ್ಲಿ ಯಾರೂ ನನ್ನನ್ನು ಏನೂ ಕೇಳಿದ್ದಿಲ್ಲ. ನಾನು ನೆಲ ನೋಡುತ್ತ, “ಅದರಾಗ” ಅಂದೆ.

ಅವರು ತೆರೆದಿದ್ದ ಫೈಲು ಮುಚ್ಚಿ ಅದಕ್ಕೊಂದು ಬ್ಯಾಂಡು ಹಾಕಿದರು. “ಹಾಗಾದ್ರೆ ಇದು ಆಗುದಿಲ್ಲ. ಇದು ಪ್ರವಾಸದ ಗಾಡಿಯ ಪಾಲಿಸಿ. ಒಳಗೆ ಸಂಸಾರ ಉಂಟಂತಾದ್ರೆ ನಡೆಯುದಿಲ್ಲ.”

“ಅಕ್ಕಾರ, ನೀವು ರಜಾಕ್ಕ ಅಂತ ಬರೀರಿ. ಯಾರ್ ನೋಡ್ತಾರ?”

“ಏನೂ ಆಗದಿದ್ರೆ ಯಾರೂ ನೋಡುದಿಲ್ಲ. ಏನಾದ್ರೂ ಆದ್ರೆ ಮೊದಲು ನೋಡುದೇ ಅದನ್ನ. ಸುಳ್ಳು ಬರೆದ ಪಾಲಿಸಿ ಅಂದ್ರೆ ತೂತು ಕೊಡೆ ಮಾರಾಯ್ರೆ. ಬಿಸಿಲಿಗೆ ಹಿಡಿದ್ರೆ ಚಂದ ಕಾಣ್ತದೆ.”

ನಿಮ್ಮಜ್ಜ ಕೈ ಮುಗಿದರು. ಅವರು ಯಾರಿಗೂ ಕೈ ಮುಗಿದು ಬೇಡಿದವರಲ್ಲ. “ವೀಸಾ ಮುಗ್ಯಾಕ ಬಂದೈತ್ರಿ. ಮಗ ಕಾಲೇಜಿನ್ಯಾಗ ಅದಾನ. ನಿಮ್ಮ ಕಾಲಿಗೆ ಬೀಳ್ತೇನಿ.”

“ನನ್ನ ಕಾಲಿಗೆ ಬಿದ್ರೆ ನಿಮ್ಮ ಗಾಡಿಗೆ ಕವರ್ ಬರ್ತದಾ? ಏಳಿ. ಅಡ್ರೆಸ್ ಕೊಟ್ಟು ಹೋಗಿ.”

ಅವತ್ತು ಬಸ್ಸಿನಲ್ಲಿ ನಿಮ್ಮಜ್ಜ ನನ್ನಿಂದ ದೂರದ ಸೀಟಿಗೆ ಹೋಗಿ ಕೂತರು. ನಾನು ‘ಅದರಾಗ’ ಅಂದದ್ದಕ್ಕೆ ಸಿಟ್ಟು. ಬರ್ಕಾಕ್ಕೆ ಬಂದು ಕಾರವಾನಿನ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡರು. ಒಳಗೆ ಕೆಂಡದಂಥ ಸೆಕೆ. ಪಂಪಿನ ಮನೆಯಿಂದ ಎಳೆದ ತಂತಿಯಲ್ಲಿ ಒಂದು ಫ್ಯಾನು ಮಾತ್ರ ತಿರುಗುತ್ತಿತ್ತು. ರೊಟ್ಟಿ ಬಡಿದು ಮುಂದಿಟ್ಟೆ. ಮುಟ್ಟಲಿಲ್ಲ. ಅವರು ಮುಟ್ಟದ ಮೇಲೆ ನಾನೂ ಉಣ್ಣದೆ ಮುಚ್ಚಿಟ್ಟೆ. ಹೀಗೆಯೇ ದಿನಗಳು ಹೋದವು. ಊರಿಗೆ ಮರಳುವ ಟಿಕೇಟಿನ ಮಾತೂ ಬಂತು. ನಿಮ್ಮಪ್ಪ ಫೋನು ಮಾಡಿದಾಗ ಇಬ್ಬರೂ ನಗುನಗುತ್ತ ಮಾತಾಡಿ, ಇಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಶುಕ್ರವಾರ, ರಜೆಯ ದಿನ, ತರಕಾರಿಯ ಪಿಕಪ್ ಒಂದು ತೋಟದ ಅಂಚಿಗೆ ಬಂದು ನಿಂತಿತು. ಡ್ರೈವರನ ಪಕ್ಕದಿಂದ ಅಕ್ಕ ಇಳಿದರು. ಕೈಯಲ್ಲಿ ಕ್ಯಾಮೆರಾ.

“ಒಂದು ಕಂಪನಿ ಒಪ್ಪಿದೆ,” ಅಂದರು. “ವಾಸ ಉಂಟು ಅಂತ ಬರೆದೇ ಒಪ್ಪಿಸಿದ್ದೇನೆ. ಫೋಟೋ ಬೇಕಂತೆ. ಬದಿಗೆ ನಿಲ್ಲಿ, ನಿಮ್ಮ ಸೀರೆ ಒಣಗ್ಲಿಕ್ಕೆ ಹಾಕಿದ್ದೂ ಬರ್ಲಿ, ಸಂಸಾರ ಅಂತ ಗೊತ್ತಾಗ್ಲಿ.”

ಅಷ್ಟೂ ದಿನ ಅವರು ನಮಗಾಗಿ ಕಂಪನಿಯಿಂದ ಕಂಪನಿಗೆ ಫೋನು ಮಾಡುತ್ತಿದ್ದರು. ಒಂದು ಮಾತನ್ನೂ ತಿಳಿಸಿರಲಿಲ್ಲ. ಆಗದ ಕೆಲಸದ ಆಸೆ ಹುಟ್ಟಿಸುವುದೂ ಸುಳ್ಳೇ ಎಂಬುದು ಅವರ ಲೆಕ್ಕ. ನಿಮ್ಮಜ್ಜ ಅತ್ತ ತಿರುಗಿ ಕಣ್ಣೊರೆಸಿಕೊಂಡರು. ನಾನು ಒಲೆ ಹಚ್ಚಿದೆ.

ಮೆಟ್ಟಿಲ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಅವರು ವಿಷಯ ಬಿಡಿಸಿ ಹೇಳಿದರು. ಬೇರೆಯವರಿಗೆ ನಮ್ಮಿಂದ ಹಾನಿಯಾದರೆ ಅದಕ್ಕೆ ಕವರ್ ಇದ್ದೇ ಇರುತ್ತದೆ, ಅಂದರೆ ಆ ಹಣವನ್ನು ವಿಮೆಯವರೇ ಕೊಡುತ್ತಾರೆ, ಅದು ಕಡ್ಡಾಯ. ನಮ್ಮ ಗಾಡಿಗೆಂದು ಮೇಲೆ ಎರಡು ಬಗೆ: ಒಂದು ಕಳವಿಗೆ, ಇನ್ನೊಂದು ಮಳೆ, ಗಾಳಿ, ನೀರಿಗೆ. ಎರಡೂ ತೆಗೆದುಕೊಳ್ಳುವ ಶಕ್ತಿ ನಮಗಿರಲಿಲ್ಲ. ಒಂದನ್ನು ಆರಿಸಬೇಕು.

“ನೀರಿಂದು ತಗೊಳ್ಳಿ,” ಅಂದರು ಅಕ್ಕ.

ನಿಮ್ಮಜ್ಜ ಎಷ್ಟೋ ದಿನಗಳ ಮೇಲೆ ನಕ್ಕರು. “ಈ ದೇಶದಾಗ ಮಳಿ? ಅಕ್ಕಾರ, ನಾ ಇಲ್ಲಿ ಬಂದಾಗಿಂದ ಕೊಡಿ ಬಿಚ್ಚಿಲ್ಲ.”

“ಎಲ್ಲಿ ನಿಲ್ಲಿಸ್ತೀರಿ ಇದನ್ನ?”

“ವಾದಿ ದಂಡಿ ಮ್ಯಾಲ. ಅಲ್ಲೇ ಜಾಲಿ ಗಿಡದ ನೆಳ್ಳೈತಿ.”

“ವಾದಿ ಅಂದ್ರೆ ಎಂತ? ಹೊಳೆ. ನೀರಿಲ್ಲದ ಹೊಳೆ ಅಂದ್ರೆ ರಜೆ ಮೇಲೆ ಹೋದ ಹೊಳೆ ಮಾರಾಯ್ರೆ. ರಜೆ ಮುಗಿದ ಕೂಡ್ಲೇ ಡ್ಯೂಟಿಗೆ ಬರ್ತದೆ.”

“ಅದು ಬರೂದ್ರಾಗ ಕಳ್ಳರು ಬರ್ತಾರ. ಗಾಲಿ ಇದ್ದ ಮನಿ ರೀ ಇದು. ನಾ ಸೈಟಿಗೆ ಹೋದಾಗ ಯಾವನರ ಕೊಂಡಿ ಸಿಗಿಸಿ ಎಳಕೊಂಡು ಹೋದ್ರ?”

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಅಕ್ಕ ಅಂದು ಕಚೇರಿಯಲ್ಲಿ ಮಾಡಿದಂತೆಯೇ ನನ್ನ ಕಡೆ ತಿರುಗಿದರು. “ನೀವು ಹೇಳಿ. ಇದರಲ್ಲಿ ಇರುವುದು ನೀವು.”

ನಾನು ಮಲಪ್ರಭೆಯ ದಂಡೆಯ ಊರವಳು, ಹೊಳೆಯ ಸ್ವಭಾವ ಬಲ್ಲವಳು. ಆದರೂ, “ಅವರು ಅಂದಂಗ ಆಗ್ಲಿರಿ” ಅಂದೆ.

ಟಪ್. ನನ್ನ ಮಾತಿಗೂ ಒಂದು ಬ್ಯಾಂಡು ಸದ್ದು ಮಾಡಿತು. ಆದರೆ ಅವರು ಒತ್ತಾಯ ಮಾಡಲಿಲ್ಲ. “ಗಾಡಿ ನಿಮ್ಮದು, ಆಯ್ಕೆ ನಿಮ್ಮದು” ಅಂದು ಕಳವಿನ ಕವರ್ ಬರೆದರು. ಅದಕ್ಕೊಂದು ಷರತ್ತಿತ್ತು: ಕೊಂಡಿ ಕಳಚಿ ನಿಲ್ಲಿಸಿದಾಗ ಗಾಲಿಗೆ ಬೀಗ ಹಾಕಿರಬೇಕು, ಇಲ್ಲವೇ ಒಬ್ಬ ಮನುಷ್ಯ ಸದಾ ಅಲ್ಲಿರಬೇಕು. ಆ ಹಳೆಯ ಗಾಲಿಗೆ ಹೊಂದುವ ಬೀಗ ಹೊರದೇಶದಿಂದಲೇ ಬರಬೇಕಿತ್ತು.

“ಬೀಗ ಯಾಕ್ ಬೇಕ್ರಿ? ಇಕಿ ಇರ್ತಾಳಲ್ಲ,” ಅಂದರು ನಿಮ್ಮಜ್ಜ.

ಅಕ್ಕ ನಕ್ಕರು. “ಹಾಗಾದ್ರೆ ನೀವೇ ಬೀಗ ಮಾರಾಯ್ರೆ! ಬೀಗ ಬಾಗಿಲು ಬಿಟ್ಟು ಪೇಟೆ ತಿರುಗ್ಲಿಕ್ಕೆ ಹೋಗ್ಬಾರ್ದು, ಆಯ್ತಾ?”

ಅವರಿಬ್ಬರೂ ನಕ್ಕರು. ನಾನು ನಗಲಿಲ್ಲ. ಮಕ್ಕಳೇ, ನಮ್ಮ ಊರಲ್ಲಿ ಹಿರಿಯರು ಒಂದು ಮಾತು ಹೇಳಿ ಒಪ್ಪಿಸಿದರೆ ಅದನ್ನು ವ್ರತದಂತೆ ಹಿಡಿಯುವುದೇ ನಮಗೆ ಕಲಿಸಿದ ವಿದ್ಯೆ. ಮನೆ ಉಳಿಯಬೇಕಾದರೆ ನಾನು ಅದನ್ನು ಬಿಟ್ಟು ಕದಲಬಾರದು. ಹಾಗೆಂದು ಮನಸ್ಸಿನಲ್ಲಿ ಬರೆದುಕೊಂಡೆ.

ವಾದಿಯ ದಂಡೆಯಲ್ಲಿ ನಮ್ಮ ಗಾಲಿ ಮನೆ ನಿಂತಿತು. ಬೆಳಿಗ್ಗೆ ನಿಮ್ಮಜ್ಜ ಗಾಡಿ ಬಿಚ್ಚಿಕೊಂಡು ಹೋಗುವರು, ಸಂಜೆ ಕೆಂಪು ಧೂಳಾಗಿ ಬರುವರು. ನಾನು ಕಾರವಾನಿನ ನೆರಳು ದಾಟುತ್ತಿರಲಿಲ್ಲ. ಕ್ಯಾಂಪಿನ ಬಳಿ ನೀರಿನ ಟ್ಯಾಂಕರ್ ಬಂದರೆ ನಿಮ್ಮಜ್ಜ ಬಂದ ಮೇಲೆ ಅವರೇ ತರಬೇಕು. ಒಮ್ಮೆ ಹತ್ತಿರದ ಹಳ್ಳಿಯ ಹೆಂಗಸರು ಮದುವೆಗೆ ಕರೆಯಲು ಬಂದಾಗಲೂ ಕೈಸನ್ನೆಯಲ್ಲೇ ಇಲ್ಲವೆಂದೆ. ಅಕ್ಕ ಆಗಾಗ ಫೋನು ಮಾಡಿ, “ಬೀಗ ಹೇಗುಂಟು?” ಎಂದು ಕೇಳುವರು. “ಹಾಕೇತ್ರಿ” ಅನ್ನುತ್ತಿದ್ದೆ. ಆ ನಿರ್ಜನದಲ್ಲಿ ನನ್ನನ್ನು ನಗಿಸುತ್ತಿದ್ದದ್ದು ಅದೊಂದೇ ಮಾತು.

ಆ ಮಧ್ಯಾಹ್ನ ನಮ್ಮಲ್ಲಿ ಬಿಸಿಲೇ ಇತ್ತು. ದೂರದ ಗುಡ್ಡಗಳ ಮೇಲೆ ಮಾತ್ರ ಆಕಾಶ ಹಂಚಿನ ತಳದಂತೆ ಕಪ್ಪಾಗಿತ್ತು. ಮೊದಲು ವಾಸನೆ ಬಂತು, ಒಣ ನೆಲಕ್ಕೆ ನೀರು ಬಿದ್ದ ವಾಸನೆ. ಆಮೇಲೆ ಸದ್ದು, ಯಾವುದೋ ದೊಡ್ಡ ಲಾರಿ ಜಲ್ಲಿಯ ಮೇಲೆ ಬಂದಂತೆ. ನೋಡಿದರೆ ವಾದಿಯ ತಿರುವಿನಲ್ಲಿ ಕಂದು ಬಣ್ಣದ ನೊರೆ. ಅದರ ಮುಂದೆ ಕಡ್ಡಿ, ಕಸ, ಒಂದು ಸತ್ತ ಮೇಕೆ ಉರುಳಿಕೊಂಡು ಬರುತ್ತಿದ್ದವು.

ನಿಮ್ಮಜ್ಜನಿಗೆ ಫೋನು ಹಚ್ಚಿದೆ. ಅವರಿದ್ದ ಕಡೆ ರೇಂಜ್ ಇರಲಿಲ್ಲ. ಮತ್ತೆ ಹಚ್ಚಿದೆ. ಕ್ಯಾಂಪಿನಲ್ಲಿ ಯಾರೂ ಇಲ್ಲ, ಎಲ್ಲರೂ ಸೈಟಿನಲ್ಲಿ. ಹೊಸ ರಸ್ತೆಯ ಏರಿ ನಮ್ಮ ಹಿಂದೆಯೇ ಇತ್ತು, ಹತ್ತಿದರೆ ಬದುಕಬಹುದು. ಆದರೆ ಮನೆ ಬಿಟ್ಟು ಹೋಗಲು ನನಗೆ ಅಪ್ಪಣೆ ಇಲ್ಲ. ನೀರು ಗಾಲಿ ಮುಟ್ಟಿತು. ನಿಮ್ಮಪ್ಪನ ಚಿಕ್ಕಂದಿನ ಫೋಟೋಗಳಿದ್ದ ಆಲ್ಬಮ್ ಎದೆಗವಚಿಕೊಂಡು ನಾನು ಮಂಚದ ಮೇಲೆ ಕೂತೆ. ನನ್ನ ಫೋನಿನಲ್ಲಿ ಒಮಾನಿನ ನಂಬರುಗಳಿದ್ದದ್ದು ಎರಡೇ. ಇನ್ನೊಂದಕ್ಕೆ ಹಚ್ಚಿದೆ.

“ಬೀಗ ಹೇಗುಂಟು?” ಅಂದರು ಅಕ್ಕ.

“ಅಕ್ಕಾರ, ವಾದಿಗೆ ನೀರು ಬಂದೈತ್ರಿ. ನಾ ಮನಿ ಬಿಟ್ಟು ಹೋಗಬಹುದೇನ್ರಿ?”

“ನೀರು ಎಷ್ಟನೇ ಮೆಟ್ಟಿಲಿಗೆ ಬಂತು?”

“ಮೊದಲ್ನೇದು ಮುಳುಗೇತ್ರಿ.”

“ಹೊರಗೆ ಬನ್ನಿ. ಈಗಲೇ.”

“ಬೀಗ ನಾನ ಅಲ್ರಿ? ಬಿಟ್ಟು ಹೋದ್ರ ಕವರ್ ಹೊಕ್ಕೈತಲ್ರಿ.”

“ಅಯ್ಯೋ, ಅದು ತಮಾಷೆಗೆ ಹೇಳಿದ್ದು ಮಾರಾಯ್ತಿ! ಅದು ಕಳ್ಳರಿಗೆ, ಹೊಳೆಗಲ್ಲ! ಹೊರಗೆ ಬಾ!”

“ಷರತ್ತಿನ್ಯಾಗ ಬರದೈತ್ರಿ. ಮನುಷ್ಯ ಇರಬೇಕಂತ.” ನೆಲ ನನ್ನ ಕಾಲಡಿಯಲ್ಲಿ ಮೆಲ್ಲಗೆ ಅಲುಗಿತು. “ನಾ ಇದ್ರ ನನ್ನ ಭಾರಕ್ಕಾದ್ರೂ ನಿಲ್ತೈತ್ರಿ. ಇದು ಹೋದ್ರ ನಮ್ಮ ಹುಡುಗನ ಓದು ಹೊಕ್ಕೈತಿ. ಇದನ್ನ ಬಿಟ್ಟು ನಮಗ ಏನೂ ಇಲ್ರಿ ಅಕ್ಕಾರ.”

ಅವರು ಅತ್ತರೋ, ಉಸಿರೆಳೆದುಕೊಂಡರೋ ತಿಳಿಯದು. ಮತ್ತೆ ಮಾತಾಡಿದಾಗ ಅವರ ದನಿ ಕೌಂಟರಿನ ದನಿಯಾಗಿತ್ತು. ಒಣಗಿದ, ಗಟ್ಟಿಯಾದ, ಒಂದೇ ಸಮನಾದ ದನಿ.

“ಕೇಳು. ನೀರಿಗೂ ಕವರ್ ಉಂಟು. ನಾನೇ ಹಾಕಿದ್ದೇನೆ. ಗಾಡಿಗೂ ಉಂಟು, ಒಳಗಿನ ಸಾಮಾನಿಗೂ ಉಂಟು. ಎಲ್ಲಕ್ಕೂ ಕವರ್ ಉಂಟು. ಕೈಯಲ್ಲಿದ್ದದ್ದು ಬಿಟ್ಟು ಬಾ. ಹತ್ಲಿಕ್ಕೆ ಎರಡೂ ಕೈ ಖಾಲಿ ಬೇಕು. ಯಲ್ಲಾ, ಹೊರಡು.”

ಫೋನಿನಲ್ಲಿ ‘ಟಪ್’ ಎಂದು ಏನೋ ಸದ್ದಾಯಿತು. ರೇಂಜ್ ಹೋಯಿತೇನೋ ಎಂದುಕೊಂಡೆ.

ಬೇರೆ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಕಾಲಿಗೆ ಬಿದ್ದರೂ ಒಂದು ಸುಳ್ಳಕ್ಷರ ಬರೆಯದವರು ಹೇಳಿದರು. ಆಲ್ಬಮ್ಮನ್ನು ಮಂಚದ ಮೇಲಿಟ್ಟೆ. ತೊಯ್ಯದಿರಲಿ ಎಂದು ದಿಂಬಿನ ಮೇಲೆ ಇಟ್ಟೆ. ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದೆ. ಮೊಣಕಾಲ ಮೇಲಕ್ಕೆ ಬಂದಿತ್ತು, ಕಲ್ಲುಗಳು ಕಾಲಡಿಯಲ್ಲಿ ಉರುಳುತ್ತಿದ್ದವು. ಏರಿಯ ಜಲ್ಲಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಹತ್ತಿದೆ. ಹೌದು, ಎರಡೂ ಕೈ ಬೇಕಾದವು. ಕೊರಳ ಲಿಂಗ, ಮೈಮೇಲಿನ ಸೀರೆ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು. ಇಷ್ಟೇ ನನ್ನ ಜೊತೆ ಮೇಲೆ ಬಂದದ್ದು.

ತಿರುಗಿ ನೋಡಿದಾಗ ಕಾರವಾನು ತೇಲುತ್ತಿತ್ತು. ಯಾರೋ ಕೈಹಿಡಿದು ಕರೆದೊಯ್ದಂತೆ ಮೆಲ್ಲಗೆ ಒಂದು ಸುತ್ತು ತಿರುಗಿತು. ಕಿಟಕಿಯಲ್ಲಿ ಒಣಗಲು ಹಾಕಿದ್ದ ನಿಮ್ಮಜ್ಜನ ಅಂಗಿ ಕಂಡಿತು. ಆಮೇಲೆ ಮಗ್ಗುಲಾಗಿ, ತಿರುವಿನ ಬಂಡೆಗೆ ಬಡಿದು, ತಗಡು ಹರಿದು, ಇಲ್ಲವಾಯಿತು. ನನಗೆ ಅಳು ಬರಲಿಲ್ಲ. ಎಲ್ಲಕ್ಕೂ ಕವರ್ ಇದೆಯಲ್ಲ ಎಂದುಕೊಂಡೆ.

ನಿಮ್ಮಜ್ಜ ಏರಿಯ ಮೇಲೆ ಓಡಿಬಂದರು. ಬರಿಗಾಲು. ಬಾಯಲ್ಲಿ ನನ್ನ ಹೆಸರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿದ್ದೇ ಅಂದು. ನಾನೇ ಅವರಿಗೆ ಸಮಾಧಾನ ಹೇಳಿದೆ. “ಚಿಂತಿ ಮಾಡಬ್ಯಾಡ್ರಿ. ನೀರಿಗೂ ಕವರ್ ಐತಿ. ಅಕ್ಕಾರು ಹಾಕ್ಯಾರಂತ.”

ನೀರಿನ ಕವರ್ ಬೇಡವೆಂದದ್ದು ಅವರೇ. ಅವರು ನನ್ನ ಮುಖ ನೋಡಿದರು, ಖಾಲಿ ದಂಡೆ ನೋಡಿದರು. “ಅಕ್ಕಾರ ಹಂಗ ಅಂದ್ರೇನು?” ಎಂದು ಮತ್ತೆ ಮತ್ತೆ ಕೇಳಿದರು. ಅಕ್ಕ ಅಂದಮೇಲೆ ಇರಲೂಬಹುದು ಎಂದು ಅವರಿಗೂ ಆಸೆ ಹುಟ್ಟಿತು. ಅಲ್ ಮವಾಲೇಹ್ ಮುಟ್ಟುವವರೆಗೂ ಆ ಆಸೆಯನ್ನು ಹಿಡಿದುಕೊಂಡೇ ಕೂತಿದ್ದರು.

ಕಚೇರಿಯ ತುಂಬ ಜನ. ನಮ್ಮನ್ನು ಕಂಡು ಅಕ್ಕ ಎದ್ದು ನಿಂತರು.

“ನೀರಿಗೆ ಕವರ್ ಐತೇನ್ರಿ?” ಅಂದರು ನಿಮ್ಮಜ್ಜ.

“ಇಲ್ಲ. ಸುಳ್ಳು ಹೇಳಿದೆ.”

ನಿಮ್ಮಜ್ಜ ಕೂಗಾಡಿದರು. ಅಷ್ಟು ಜನರ ಎದುರು ಹೆಣ್ಣುಮಗಳಿಗೆ ಅನ್ನಬಾರದ್ದನ್ನೆಲ್ಲ ಅಂದರು. ಮನೆ ಹೋಯಿತು, ಬಂಗಾರ ಹೋಯಿತು, ಹುಡುಗನ ಓದು ಹೋಯಿತು, ನಾಕು ಸಾಮಾನಾದರೂ ತರುತ್ತಿದ್ದಳು, ನಿನ್ನ ಮಾತು ಕೇಳಿ ಬರಿಗೈಯಲ್ಲಿ ಬಂದಳು ಎಂದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ಇಲ್ಲ ಅಂದಿದ್ರೆ ಇವರು ಹೊರಗೆ ಬರ್ತಿದ್ರಾ? ನೀವೇ ಹೇಳಿ” ಅಂದರು.

ನಿಮ್ಮಜ್ಜ ನನ್ನ ಕಡೆ ತಿರುಗಿದರು. ಕಚೇರಿಯಲ್ಲಿದ್ದವರೆಲ್ಲ ತಿರುಗಿದರು. ನಾನು ಸೆರಗಿನ ತುದಿ ಹಿಡಿದು ನಿಂತಿದ್ದೆ.

“ಬರ್ತಿದ್ದಿಲ್ಲ,” ಅಂದೆ.

ನಿಮ್ಮಜ್ಜ ಕುರ್ಚಿಯಲ್ಲಿ ಕುಸಿದರು.

ಮುಂದಿನದ್ದನ್ನೂ ಹೇಳಬೇಕು. ಮಾರುಕಟ್ಟೆಯ ಹಿಂದೆ ಒಂದು ಮಾಳಿಗೆಯ ಮೇಲಿದ್ದ ತಮ್ಮ ಒಂಟಿ ಕೋಣೆಯಲ್ಲಿ ಅಕ್ಕ ನನ್ನನ್ನು ಇಟ್ಟುಕೊಂಡರು. ಹೊಸ ಕಫೀಲ್ ಒಳ್ಳೆಯವರು, ನಿಮ್ಮಜ್ಜನ ಕೆಲಸ ತೆಗೆಯಲಿಲ್ಲ. ನಿಮ್ಮಜ್ಜ ಕ್ಯಾಂಪಿನಲ್ಲಿ ಉಳಿದರು. ಊಟ? ಮಾರುಕಟ್ಟೆಯಿಂದ ಕ್ಯಾಂಪುಗಳಿಗೆ ನಸುಕಿನಲ್ಲಿ ತರಕಾರಿ ಪಿಕಪ್‌ಗಳು ಹೋಗುತ್ತವಲ್ಲ, ಆ ಡ್ರೈವರುಗಳ ವಿಮೆಯೆಲ್ಲ ಮಾಡಿಸುತ್ತಿದ್ದವರು ಅಕ್ಕನೇ. ನಾನು ರೊಟ್ಟಿ, ಪಲ್ಯ ಮಾಡಿ ಡಬ್ಬಿ ಕಟ್ಟಿದರೆ, ಅಕ್ಕ ಅದಕ್ಕೆ ಕೈಯಿಂದ ಒಂದು ಬ್ಯಾಂಡು ತೆಗೆದು ಹಾಕಿ ಟೊಮೆಟೊ ಬುಟ್ಟಿಗಳ ನಡುವೆ ಇಡಿಸುವರು. “ಇದು ತಲುಪದಿದ್ರೆ ನಿನ್ನ ಗಾಡಿಗೆ ಮುಂದಿನ ವರ್ಷ ಕವರ್ ಇಲ್ಲ” ಎಂದು ಡ್ರೈವರನಿಗೆ ಹೆದರಿಸುವರು. ಆ ಡಬ್ಬಿಗಳಲ್ಲಿ ನಿಮ್ಮಜ್ಜ ಬದುಕಿದರು, ನಿಮ್ಮಪ್ಪ ಓದು ಮುಗಿಸಿದ.

ಅಂದು ಕಚೇರಿಯಲ್ಲಿದ್ದ ಗಿರಾಕಿಯೊಬ್ಬರು ಮಾಲೀಕರಿಗೆ ಹೇಳಿದರಂತೆ. ಇಲ್ಲದ ಕವರನ್ನು ಇದೆ ಅನ್ನುವವರನ್ನು ಕೌಂಟರಿನಲ್ಲಿ ಕೂರಿಸುವುದು ಹೇಗೆ ಎಂದು ಮಾಲೀಕರು ಅಕ್ಕನನ್ನು ಒಳಗಿನ ಕೋಣೆಗೆ ಹಾಕಿದರು. ಗಿರಾಕಿಗಳ ಮುಖ ಕಾಣದ ಕೆಲಸ. ನಾನು ಅತ್ತಾಗ ಅಕ್ಕ, “ಅವರು ಹೇಳುದು ಸರಿಯೇ ಅಲ್ವಾ? ನಾನು ಮಾಲೀಕ ಆಗಿದ್ರೂ ಅದನ್ನೇ ಮಾಡ್ತಿದ್ದೆ” ಅಂದರು.

ನಿಮ್ಮಜ್ಜನಿಗೆ ‘ತಪ್ಪಾಯಿತು’ ಅನ್ನಲು ಬಾರದು. ಅಕ್ಕನ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ರಜೆ ಸಿಕ್ಕ ಮೊದಲ ಶುಕ್ರವಾರ ಬಂದವರೇ, ನೀರೂ ಕುಡಿಯದೆ, ಬಾಗಿಲು ಕಳಚಿ ಕೂತರು. ಸಂಜೆಯ ಹೊತ್ತಿಗೆ ಅದು ಒಂದು ಬೆರಳಿಗೆ ತೆರೆಯುವಂತಾಗಿತ್ತು. ಅಕ್ಕ ನಾಲ್ಕು ಸಲ ತೆರೆದು ಮುಚ್ಚಿ ನೋಡಿದರು. “ಪರವಾಗಿಲ್ಲ, ಒಪ್ಪಿದೆ” ಅಂದರು. ಅದರ ಮಾತು ಅಲ್ಲಿಗೆ ಮುಗಿಯಿತು.

ನಾವು ಊರಿಗೆ ಮರಳಿದ ಕೆಲವು ವರ್ಷಕ್ಕೆ ನಿಮ್ಮಜ್ಜ ತೀರಿಕೊಂಡರು. ಅಕ್ಕ ಆಮೇಲೆ ಉಡುಪಿ ಕಡೆಗೆ ಬಂದರು, ಕಾಯಿಲೆಯನ್ನು ಜೊತೆಗೆ ತಂದೇ ಬಂದಿದ್ದರು. ಸುದ್ದಿ ತಿಳಿದು ನಾನು ಒಬ್ಬಳೇ ಬಸ್ಸು ಹತ್ತಿದೆ. ದಾರಿ ಕೇಳಲು ನಾಚುವ ನಾನು ಕೇಳಿ ಕೇಳಿಯೇ ಆಸ್ಪತ್ರೆ ಮುಟ್ಟಿದೆ. ಅವರ ಅಣ್ಣನ ಹೆಂಡತಿ ಬಾಗಿಲಲ್ಲೇ ತಡೆದು, “ಅವರಿಗೆ ಎಂತದೂ ಗೊತ್ತಿಲ್ಲ. ಮುಂದಿನ ವಾರ ಮನೆಗೆ ಅಂತ ಹೇಳಿದ್ದೇವೆ. ನೀವೂ ಹಾಗೇ ಹೇಳಿ” ಅಂದರು.

ಮಂಚದ ಮೇಲೆ ಅವರು ಹೊದಿಕೆಯಷ್ಟೇ ಇದ್ದರು. ನನ್ನನ್ನು ಕಂಡು, “ಬೀಗ ಬಂತಾ?” ಅಂದರು. ನಾನು ಪಕ್ಕದಲ್ಲಿ ಕೂತೆ. ಹೊದಿಕೆಯ ಅಂಚನ್ನು ಅವರು ಬಿಗಿಯಾಗಿ ಹಿಡಿದಿದ್ದರು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

“ಇಲ್ಲಿ ಎಲ್ಲರೂ ಮುಂದಿನ ವಾರ ಮನೆಗೆ ಅಂತಾರೆ,” ಅಂದರು. “ನೀವು ಹೇಳಿ. ನೀರು ಎಷ್ಟನೇ ಮೆಟ್ಟಿಲಿಗೆ ಬಂತು?”

ಆ ಕಣ್ಣುಗಳ ಎದುರು ಯಾರೂ ಸುಳ್ಳು ಹೇಳಿ ಗೆದ್ದವರಿಲ್ಲ. ಅವರ ಕೈಯ ಮೇಲೆ ಕೈಯಿಟ್ಟೆ.

“ಎಲ್ಲಕ್ಕೂ ಕವರ್ ಉಂಟು ಅಕ್ಕಾರ,” ಅಂದೆ. “ಕೈಯಾಗ ಹಿಡದದ್ದು ಬಿಟ್ಟು ಬರ್ರಿ.”

ಅವರು ನನ್ನನ್ನೇ ನೋಡಿದರು. ಹೊದಿಕೆ ಹಿಡಿದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬಲಗೈ ಮೆಲ್ಲಗೆ ಎಡ ಮಣಿಕಟ್ಟಿಗೆ ಹೋಯಿತು. ಅಲ್ಲಿ ರಬ್ಬರ್ ಬ್ಯಾಂಡುಗಳಿರಲಿಲ್ಲ, ಆಸ್ಪತ್ರೆಯವರು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಮಾತ್ರ ಇತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಸದ್ದಾಗಲಿಲ್ಲ.

ಅವರ ತುಟಿಯ ಅಂಚು ನಕ್ಕಿತು. ಬಾಯಲ್ಲೇ ಮೆಲ್ಲಗೆ ಅಂದರು, “ಟಪ್.”